ಎಣ್ಣೆ ಹಚ್ಚಬಾರದ ಹಲಗೆ

ಅಗಸಿ ಎಣ್ಣೆ ಕಾಯುವ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಎಲ್ಲಿದ್ದರೂ ನಮ್ಮ ಹಳೆಯ ಮನೆಯ ಪಡಸಾಲೆಗೆ ಹೋಗಿ ನಿಂತುಬಿಡುತ್ತೇನೆ. ಮೊನ್ನೆ ಗೋಕಾಕದ ನನ್ನ ಬಡಿಗತನದ ಅಂಗಡಿಯಲ್ಲಿ ಹಿಂಗೇ ಆಯಿತು. ನನ್ನ ಹಳೆಯ ಕೆಲಸಗಾರ ಬಾಳಪ್ಪ ಯಾರದೋ ಮನೆಯ ಬಾಗಿಲಿಗೆ ಹಚ್ಚಲು ಎಣ್ಣೆ ಕಾಯಿಸಿದ್ದ. ಉಳಿದ ಎಣ್ಣೆ ಚೆಲ್ಲುವುದು ಯಾಕೆ ಅಂತ, ಮೂಲೆಯಲ್ಲಿ ಒರಗಿಸಿಟ್ಟ ಕಪ್ಪು ಹಲಗೆಯ ಕಡೆಗೆ ಅರಿವೆ ಹಿಡಿದುಕೊಂಡು ಹೊರಟ. "ಏ ಬಾಳ್ಯಾ, ಮುಟ್ಟಬ್ಯಾಡ ಅದನ್ನ!" ಅಂತ ನಾನು ಒದರಿದ ಅಬ್ಬರಕ್ಕೆ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡಿದರು. "ಒಣಗಿ ಬರಬರಕ ಆಗೇತ್ರೀ ಮಾಲಕರ. ಒಂದ್ ಕೈ ಹಚ್ಚಿದ್ರ ಹೊಸಾ ಮದುವಣಗಿತ್ತಿ ಹಂಗ ಆಕ್ಕೈತಿ," ಅಂದ ಬಾಳಪ್ಪ. ಅದು ಬರಬರಕ ಇದ್ದರೇ ಚಂದ ಅಂತ ಹೇಳಿ ಕಳಿಸಿದೆ. ಯಾಕೆ ಚಂದ ಅನ್ನುವುದನ್ನು ಅವನಿಗೆ ಹೇಳಲು ಕೂತಿದ್ದರೆ ಅವತ್ತಿನ ಕೆಲಸ ಕೆಡುತ್ತಿತ್ತು. ನಿಮಗಾದರೆ ಸಾವಕಾಶ ಹೇಳಬಹುದು. ಬಾಗಿಲು ಮುಚ್ಚಿಹೋದ ಮನೆಯೊಂದು ನಿಮ್ಮ ಎದೆಯೊಳಗೂ ಇದ್ದೇ ಇರುತ್ತದೆ.

ಮೂಡಲಗಿಯಿಂದ ಮಸಗುಪ್ಪಿಯ ದಾರಿ ಹಿಡಿದು ಹೋದರೆ ಹಳ್ಳ ದಾಟುವ ಮೊದಲು ಸಿಗುತ್ತಿದ್ದ ಸಣ್ಣ ಊರು ನಮ್ಮದು. ಇಡೀ ಊರಿಗೆ ಬಡಿಗ್ಯಾರ ಮನೆ ಒಂದೇ. ಮುಂದೆ ಒಂದು ಬೇವಿನ ಗಿಡ, ಅದರ ನೆರಳಿಗೆ ರಿಪೇರಿಗೆ ಬಂದ ಕೂರಿಗೆ, ಕುಂಟೆ, ಅಚ್ಚು ಮುರಿದ ಚಕ್ಕಡಿ. ಒಳಗೆ ಹೆಜ್ಜೆ ಇಟ್ಟರೆ ಕಟ್ಟಿಗೆಯ ವಾಸನೆಯೇ ನಿಮ್ಮನ್ನು ಮಾತಾಡಿಸುತ್ತಿತ್ತು. ಜಾಲಿಯದು ಹುಳಿ ವಾಸನೆ, ಬೇವಿನದು ಕಹಿ, ಮಾವಿನದು ಒದ್ದೆ ಹಿಟ್ಟಿನಂಥದು, ಸಾಗವಾನಿಯದು ಹಳೆಯ ಚರ್ಮದಂಥ ಗಂಭೀರ ವಾಸನೆ. ಕಣ್ಣು ಕಟ್ಟಿ ಬಿಟ್ಟರೂ ಇವತ್ತು ಅಪ್ಪ ಏನು ಕೆತ್ತುತ್ತಿದ್ದಾನೆ ಅಂತ ನಾನೂ ನನ್ನ ಅಕ್ಕ ನೀಲವ್ವನೂ ಹೇಳುತ್ತಿದ್ದೆವು. ಅಪ್ಪ ಕಾಳಪ್ಪ ಉಜ್ಜುಗೊರಡು ಎಳೆದರೆ ಕಟ್ಟಿಗೆಯ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ನೀಲವ್ವ ಆ ಸುರುಳಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು, ಕೈಗೆ ಬಳೆ ಮಾಡಿ ಹಾಕಿಕೊಂಡು, "ನೋಡ್ ಆಯಿ, ನಾ ಗೌಡರ ಸೊಸಿ," ಅಂತ ಕುಣಿಯುತ್ತಿದ್ದಳು. ಆಯಿ, ಅಂದರೆ ಅಪ್ಪನ ತಾಯಿ, "ಆ ಗೌಡರ ಸೊಸೀನ್ನ ಇತ್ತ ಕಳಸು, ಒಲಿ ಹಚ್ಚಬೇಕು," ಅನ್ನುತ್ತ ಅವಳ ಬಂಗಾರವನ್ನೆಲ್ಲ ಕಿತ್ತುಕೊಂಡು ಒಲೆಗೆ ಹಾಕುತ್ತಿದ್ದಳು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಒಕ್ಕಲಿಗ ಎಷ್ಟೇ ಹಸಿದರೂ ಬೀಜದ ಕಾಳು ತಿನ್ನುವುದಿಲ್ಲ ನೋಡ್ರಿ, ಹಂಗೇ ಬಡಿಗ ಎಷ್ಟೇ ಗಿರಾಕಿ ಬಂದರೂ ಮನೆಯ ಒಂದು ಒಳ್ಳೆಯ ಹಲಗೆಯನ್ನು ಕೊಯ್ಯದೆ ಇಡಬೇಕು. ಅದಕ್ಕೆ ಬೀಜದ ಹಲಗಿ ಅನ್ನುತ್ತಿದ್ದರು. ಖಂಡೇಪೂಜೆಯ ದಿನ ಉಳಿ, ಬಾಚಿ, ಗರಗಸದ ಜೊತೆಗೆ ಅದಕ್ಕೂ ಕುಂಕುಮ ಬೀಳುತ್ತಿತ್ತು. ಮನೆಯಲ್ಲಿ ಮಗಳ ಮದುವೆ ನಿಂತರೆ ಆ ಹಲಗೆಯಿಂದ ಅವಳ ಸೀರೆಯ ಪೆಟ್ಟಿಗೆ ಮಾಡಿ, ಅದರ ಜಾಗದಲ್ಲಿ ಇನ್ನೊಂದು ಹಲಗೆ ಇಡುವುದು ರಿವಾಜು. ನಮ್ಮ ಕಾಲದಲ್ಲಿ ಅಟ್ಟದ ಮೇಲಿದ್ದ ಬೀಜದ ಹಲಗೆ ಸಾಮಾನ್ಯದ್ದಲ್ಲ. ಧುಪದಾಳದ ಕಟ್ಟೆಯಲ್ಲಿ ನೀರು ತಡೆಯುವ ಹಳೆಯ ಹಲಗೆ ತೆಗೆದು ಹೊಸವು ಕೂರಿಸಿದಾಗ ಆ ಕೆಲಸಕ್ಕೆ ಹೋಗಿದ್ದ ಅಜ್ಜ ತಂದದ್ದು ಅದು. ಸಾಗವಾನಿ, ಘಟಪ್ರಭೆಯ ನೀರು ಕುಡಿದು ಕುಡಿದು ಕಬ್ಬಿಣದಂತೆ ಆಗಿತ್ತು. ಬೆರಳು ಗಂಟಿನಿಂದ ಬಡಿದರೆ ಟಣ್ ಅನ್ನುತ್ತಿತ್ತು. "ಇದು ನಮ್ಮ ನೀಲವ್ವನ ಪೆಟಿಗಿ," ಅಂತ ಆಯಿ ಅವಳು ತೊಟ್ಟಿಲಲ್ಲಿದ್ದಾಗಲೇ ಹೆಸರಿಟ್ಟಿದ್ದಳು.

ಸ್ವಾತಂತ್ರ್ಯ ಬಂದು ಕೆಲವು ವರ್ಷ ಆಗಿತ್ತು. ನಾವು ಇನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಒಂದು ದಿನ ಚಾವಡಿಯಲ್ಲಿ ಸುದ್ದಿ ಬಂತು: ಬೋರ್ಡಿನವರು ನಮ್ಮ ಊರಿಗೆ ಸಾಲಿ ಕೊಡುತ್ತಾರಂತೆ. ಬೋರ್ಡು ಅನ್ನುವ ಶಬ್ದ ನಾನು ಮೊದಲು ಕೇಳಿದ್ದು ಅವತ್ತೇ. ಲೋಕಲ್ ಬೋರ್ಡು ಅಂದರೆ ಸಾಲಿ, ರಸ್ತೆ, ಬಾವಿ ನೋಡಿಕೊಳ್ಳುವ ದೊಡ್ಡ ಮಂದಿಯ ಕಮಿಟಿ ಅಂತ ಗೊತ್ತಿಲ್ಲದ ನಾನು, ಬೋರ್ಡು ಅಂದರೆ ಒಬ್ಬ ಮನುಷ್ಯ ಇರಬೇಕು, ಮೀಸೆ ಇರಬೇಕು, ಕುದುರೆಯ ಮೇಲೆ ಬರಬೇಕು ಅಂದುಕೊಂಡಿದ್ದೆ. ಬಂದವರು ಮಾತ್ರ ಹುಕ್ಕೇರಿಯ ಹುಸೇನಸಾಬ ಮಾಸ್ತರರು. ತೆಳ್ಳನೆಯ ಪ್ರಾಯದ ಮನುಷ್ಯ, ಕಂಕುಳಲ್ಲಿ ಒಂದು ಛತ್ರಿ, ಕೈಯಲ್ಲಿ ಒಂದು ತಗಡಿನ ಟ್ರಂಕು. ಕೂಡಲು ಗುಡಿಯ ಪೌಳಿ ಸಿಕ್ಕಿತು, ಹುಡುಗರು ಸಿಕ್ಕರು. "ಎಲ್ಲಾ ಆತು, ಬೋರ್ಡ್ ಎಲ್ಲೈತಿ?" ಅಂದರು ಮಾಸ್ತರರು. "ಬೋರ್ಡಿನಾವ್ರ ನೀವ, ನಮ್ಮನ್ನ ಕೇಳ್ತೀರಲ್ರೀ?" ಅಂತ ಚಾವಡಿಯ ಮಂದಿ ನಕ್ಕಿತು. ಆಗ ಅವರು ಬಿಡಿಸಿ ಹೇಳಿದರು: ಬರೆಯುವ ಕರಿ ಹಲಗೆಗೂ ಬೋರ್ಡು ಅಂತಲೇ ಅನ್ನುತ್ತಾರೆ, ಅದನ್ನು ಊರವರೇ ಕೊಡಬೇಕು. ಬರುವ ಸೋಮವಾರ ಸಾಹೇಬರು ನೋಡಲು ಬರುತ್ತಾರೆ. ಹಲಗೆ ಇಲ್ಲದಿದ್ದರೆ ಸಾಲಿ ಹಳ್ಳದ ಆಚೆಯ ಊರಿಗೆ ಹೋಗುತ್ತದೆ.

ಹಳ್ಳದ ಆಚೆ ಹೋದರೆ ಗಂಡುಹುಡುಗರು ಹೆಂಗೋ ಹೋಗಿ ಬರುತ್ತಿದ್ದರು. ಹೆಣ್ಣುಹುಡುಗಿಯನ್ನು ಹಳ್ಳ ದಾಟಿಸಿ ಸಾಲಿಗೆ ಕಳಿಸುವ ಮನೆ ನಮ್ಮ ಊರಲ್ಲಿ ಒಂದೂ ಇರಲಿಲ್ಲ. ನೀಲವ್ವನಿಗೆ ಇದು ನೆಟ್ಟಗೆ ತಿಳಿದಿತ್ತು. ಅವಳು ಕಟ್ಟಿಗೆಯ ಪುಡಿಯ ಮೇಲೆ ಬೆರಳಿಂದ ಏನೇನೋ ಗೀಚಿ "ಇದು ನನ್ನ ಹೆಸರು," ಅನ್ನುತ್ತಿದ್ದ ಹುಡುಗಿ. ಆ ಸಂಜೆ ಊಟಕ್ಕೆ ಕೂತಾಗ ಅಪ್ಪ, ಅಂಥ ಅಗಲದ ಪಕ್ಕಾ ಕಟ್ಟಿಗೆ ಎಲ್ಲಿಯೂ ಇಲ್ಲ, ಹಸಿ ಮಾವಿನದು ಹಾಕಿದರೆ ಸೋಮವಾರದೊಳಗೇ ಸೊಟ್ಟ ಆಗುತ್ತದೆ ಅಂತ ಅವ್ವನ ಮುಂದೆ ಹೇಳುತ್ತಿದ್ದ. ನೀಲವ್ವ ರೊಟ್ಟಿ ಮುರಿಯದೆ ಕೂತಿದ್ದಳು. ಆಮೇಲೆ ತಲೆ ಎತ್ತಿ ಅಟ್ಟದ ಕಡೆ ನೋಡಿ, "ಅಪ್ಪಾ, ನನಗ ಪೆಟಿಗಿ ಬ್ಯಾಡ," ಅಂದಳು.

ಬೀಜದ ಹಲಗೆಯನ್ನು ಹೊರಗಿನ ಕೆಲಸಕ್ಕೆ ಕೊಯ್ದ ಸುದ್ದಿ ನಮ್ಮ ಮನೆತನದಲ್ಲೇ ಇರಲಿಲ್ಲ. ಅಪ್ಪ ಆಯಿಯ ಮುಖ ನೋಡಿದ. ಆಯಿ ಬಹಳ ಹೊತ್ತು ಎಲೆ ಅಡಿಕೆ ಕುಟ್ಟಿದಳು. ಕುಟ್ಟಿ ಮುಗಿದ ಮೇಲೆ, "ಬೀಜಾ ಅಂದ ಮ್ಯಾಲೆ ಎಲ್ಲ್ಯಾರ ಬಿತ್ತಬೇಕಲ್ಲೋ. ಇಳಸ ಅದನ್ನ," ಅಂದಳು. ನೀಲವ್ವ ಕೂತಲ್ಲಿಂದಲೇ ಹಾರಿದ ರಭಸಕ್ಕೆ ನನ್ನ ಮಜ್ಜಿಗೆ ಉರುಳಿ ಅಪ್ಪನ ಧೋತರದ ಮೇಲೆ ಹೋಯಿತು. ಅವತ್ತು ಯಾರೂ ಬೈಯಲಿಲ್ಲ.

ಅಪ್ಪ ಆ ಹಲಗೆಯನ್ನು ಮಾಡಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಉದ್ದದ ಹಲಗೆಯನ್ನು ನಡುವೆ ಕೊಯ್ದು, ಎರಡು ತುಂಡು ಪಕ್ಕಪಕ್ಕಕ್ಕೆ ಜೋಡಿಸಿ, ಒಂದರ ಅಂಚಿನ ನಾಲಿಗೆಯನ್ನು ಇನ್ನೊಂದರ ತೋಡಿನಲ್ಲಿ ಹೊಡೆದು ಕೂಡಿಸಿದ. ಸಂದು ಎಲ್ಲಿದೆ ಅಂತ ಉಗುರು ಆಡಿಸಿದರೂ ಸಿಗಬಾರದು, ಅದು ಅವನ ಹಟ. ಹಣತೆಯ ಕಾಡಿಗೆ ಅರೆದು ಬಳಿದ. ಇಷ್ಟಕ್ಕೆ ನಿಲ್ಲಬೇಕಾಗಿತ್ತು. ಖರೆ, ಅವನ ಕೈಯಿಂದ ಒಂದು ಲಟ್ಟಣಿಗೆಯೂ ಹೊಳಪಿಲ್ಲದೆ ಹೊರಗೆ ಹೋದದ್ದಿಲ್ಲ. ಸಾಹೇಬರು ನೋಡುವ ಹಲಗೆ ಹಂಗೇ ಹೋದೀತೇ? ಅಗಸಿ ಎಣ್ಣೆ ಕಾಯಿಸಿದ. ಒಂದು ಕೈ, ಅದು ಆರಿದ ಮೇಲೆ ಮತ್ತೊಂದು ಕೈ, ಬಿಸಿಲಿಗೆ ಇಟ್ಟು ಮಗದೊಂದು. ಅರಿವೆಯಿಂದ ತಿಕ್ಕಿ ತಿಕ್ಕಿ ಭಾನುವಾರ ಹೊತ್ತೇರುವ ಹೊತ್ತಿಗೆ ಆ ಹಲಗೆ ನಮ್ಮ ಬೇವಿನ ಗಿಡದ ಕೆಳಗೆ ಕರಿಯ ಕೆರೆಯಂತೆ ಹೊಳೆಯುತ್ತಿತ್ತು. ಊರ ಮಂದಿಯೆಲ್ಲ ಬಂದು ಬಗ್ಗಿ ಬಗ್ಗಿ ತಮ್ಮ ರುಮಾಲು ಸರಿಮಾಡಿಕೊಂಡು ಹೋದರು. ಎಮ್ಮೆ ಕಾಯುವ ಯಲ್ಲಪ್ಪನಂತೂ ಅದರ ಮುಂದೆ ಕೂತು ಮೀಸೆ ಕತ್ತರಿಸಿಕೊಂಡ.

ಮಾಸ್ತರರು ಬಂದರು. "ನೋಡ್ರಿ, ಮಾರಿ ಕಾಣಸ್ತೈತಿ," ಅಂದ ಅಪ್ಪ, ಎದೆ ಉಬ್ಬಿಸಿ. ಅವರು ಕಿಸೆಯಿಂದ ಖಡು, ಅಂದರೆ ಸೀಮೆಸುಣ್ಣ ತೆಗೆದು ದೊಡ್ಡದಾಗಿ ಒಂದು ಅ ಬರೆದರು. ಬರೆದರು ಅನ್ನುವುದಷ್ಟೇ. ಖಡು ಗಾಜಿನ ಮೇಲಿನ ಹಲ್ಲಿಯಂತೆ ಸರ್ರನೆ ಜಾರಿತು. ಒತ್ತಿ ಬರೆದರು, ಖಡು ಮುರಿಯಿತು. ಹಲಗೆಯ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ಮಾಸ್ತರರು ಹಣೆ ಒರೆಸಿಕೊಂಡು ಮೆಲ್ಲಗೆ, "ಮಾರಿ ಕಾಣಸ್ತೈತಿ ಕಾಳಪ್ಪಾ, ಅಕ್ಷರ ಕಾಣವಲ್ಲದು," ಅಂದರು.

ಅಪ್ಪನ ಮುಖ ಹೆಂಗಾಯಿತು ಅಂತ ನಾನು ಬರೆಯಲಾರೆ. ಎಣ್ಣೆ ಕಟ್ಟಿಗೆಯ ಒಳಗೆ ಇಳಿದಿತ್ತು. ಮೇಲೆ ಮೇಲೆ ಹೆರೆದರೆ ಹೋಗುವಂಥದ್ದಲ್ಲ, ಆಳಕ್ಕೆ ಹೆರೆದರೆ ಅವನು ಕೂಡಿಸಿದ ನಾಲಿಗೆಯೇ ಬಿಟ್ಟುಕೊಳ್ಳುತ್ತಿತ್ತು. ಮರುದಿನವೇ ಸೋಮವಾರ. ನೀಲವ್ವ ಅಳಲಿಲ್ಲ, ಮುರಿದ ಖಡು ಆರಿಸಿಕೊಂಡು ಮತ್ತೆ ಮತ್ತೆ ಅದೇ ಜಾಗದಲ್ಲಿ ಗೀಚುತ್ತಿದ್ದಳು. ಆಗ ಆಯಿ ಒಳಗಿನಿಂದ ಒಲೆಯ ಬೂದಿಯ ಬುಟ್ಟಿ, ಕಾಯಿಸಿದ ನೀರು, ಒಂದು ಮುರುಕು ಇಟ್ಟಂಗಿ ತಂದಳು. "ಎಣ್ಣಿ ಗಡಿಗಿ ತಿಕ್ಕಿ ತಿಕ್ಕಿ ನನ್ನ ಕೈ ಸವದಾವು. ಇದೂ ಒಂದು ಗಡಿಗೀನ ಅಲ್ಲೇನು? ಸರೀರಿ ಎಲ್ಲಾರೂ," ಅಂತ ಸೆರಗು ಕಟ್ಟಿ ಕೂತುಬಿಟ್ಟಳು. ಅವ್ವ ಸೇರಿಕೊಂಡಳು, ನಾನು ನೀರು ಹೊಯ್ದೆ. ಬಿಸಿನೀರು ಬೂದಿ ಬಿದ್ದಲ್ಲಿ ಎಣ್ಣೆ ನೊರೆನೊರೆಯಾಗಿ ಏಳುತ್ತಿತ್ತು. ಅಪ್ಪ ಬೇವಿನ ಬುಡಕ್ಕೆ ಬೆನ್ನು ಕೊಟ್ಟು, ತಾನು ತಂದ ಹೊಳಪು ತನ್ನ ತಾಯಿಯ ಕೈಯಲ್ಲಿ ಸಾಯುವುದನ್ನು ನೋಡುತ್ತ ನಿಂತಿದ್ದ. ನೀಲವ್ವ ಇಟ್ಟಂಗಿ ತುಂಡು ಒಂದನ್ನು ತೆಗೆದುಕೊಂಡು ಹೋಗಿ ಅವನ ಕೈಯಲ್ಲಿ ಇಟ್ಟಳು. ಅವನು ಅದನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ಬಂದು ಮೊಣಕಾಲೂರಿ ಉಜ್ಜಲು ಶುರುಮಾಡಿದ ನೋಡ್ರಿ, ಅವನ ಜೋರಿಗೆ ನಮ್ಮ ಯಾರ ಕೈಯೂ ಸರಿಸಾಟಿ ಆಗಲಿಲ್ಲ.

ನೀಲವ್ವ ಕಾಲುವೆಯ ದಂಡೆಗೆ ಓಡಿ ಉಡಿ ತುಂಬ ಗರಗದ ಸೊಪ್ಪು ತಂದಳು. ಆಯಿ ಅದನ್ನು ಇದ್ದಿಲ ಜೊತೆಗೆ ಅರೆದು ಬಳಿದಳು. ಹಸಿರು ಕರಿ ಕೂಡಿದ ಆ ವಾಸನೆ, ಮಳೆ ನಿಂತ ಮೇಲಿನ ಹೊಲದ್ದು. ಸಂಜೆ ಬಿಸಿಲಿಗೆ ಒಣಗಿದ ಹಲಗೆ ಬಣ್ಣಗೇಡಿಯಾಗಿ, ಎಮ್ಮೆಯ ಬೆನ್ನಿನಂತೆ ಮಂಕಾಗಿ ನಿಂತಿತು. ಮಾಸ್ತರರು ಖಡುವನ್ನು ನೀಲವ್ವನಿಗೇ ಕೊಟ್ಟರು. ಅವಳು ಗೀಚಿದ್ದು ಅಕ್ಷರವಲ್ಲ, ಒಂದು ಸೊಟ್ಟ ಗೆರೆ. ಆದರೆ ಅದು ಬೆಳ್ಳಗೆ, ದಪ್ಪಗೆ, ಜೋಳದ ತೆನೆಯಂತೆ ನಿಂತಿತು. "ಹಿಡೀತು! ಹಿಡೀತು!" ಅಂತ ಇಡೀ ಓಣಿ ಕೂಗಿತು. ಮರುದಿನ ಸಾಹೇಬರು ಬಂದು, ಬರೆದು, ಒರೆಸಿ, ಗೋಣು ಹಾಕಿ ಹೋದರು. ಸಾಲಿ ಉಳಿಯಿತು.

ಮಾಸ್ತರರ ಊಟ ನಮ್ಮ ಮನೆಯಲ್ಲೇ ಆಯಿತು. ಮೊದಮೊದಲು ಹೊರಗಿನ ಕಟ್ಟೆಯ ಮೇಲೆ, ಊರ ಬಾಯಿಗೆ ಅಂಜಿ. ಒಂದು ಮಳೆಗಾಲ ಕಳೆಯುವುದರೊಳಗೆ ಆಯಿಯೇ, "ಅವ್ರನ್ಯಾಕ ತೋಯಿಸ್ತೀರಿ, ಒಳಗ ಕರೀರಿ," ಅಂದು ಪಡಸಾಲೆಯಲ್ಲಿ ಅವರಿಗೊಂದು ಮಣೆ ಹಾಕಿಸಿದಳು. ಒಂದು ದಿನ ಅವರು, ಗೋಕಾಕದ ಬೋರ್ಡಿಂಗಿನಲ್ಲಿ ಉಂಡುಕೊಂಡಿದ್ದು ಕಲಿತದ್ದು ಹೇಳುತ್ತಿದ್ದರು. ನೀಲವ್ವ ತಡೆದಳು. "ಸರ್, ಸಾಲಿ ಕೊಟ್ಟಾವ್ರೂ ಬೋರ್ಡು, ಬರಿಯೂದೂ ಬೋರ್ಡು, ಉಣ್ಣೂದೂ ಬೋರ್ಡಿಂಗು. ಇಂಗ್ರೇಜರಿಗೆ ಬ್ಯಾರೆ ಮಾತ ಇದ್ದಿದ್ದಿಲ್ಲೇನ್ರಿ?" ಮಾಸ್ತರರು ನಗುತ್ತ ಎದ್ದು ಟ್ರಂಕಿನಿಂದ ಇಟ್ಟಂಗಿಯಂಥ ಒಂದು ಶಬ್ದಕೋಶ ತಂದರು. ಅದನ್ನು ಓದಿ ಓದಿ ಅವರು ಹೇಳಿದ್ದು ಕೇಳಿ ನನ್ನ ಮೈ ಜುಮ್ಮೆಂದದ್ದು ಇವತ್ತಿಗೂ ನೆನಪಿದೆ. ಬೋರ್ಡು ಅಂದರೆ ಮೂಲದಲ್ಲಿ ಹಲಗೆ. ಬರೀ ಹಲಗೆ, ಬಡಿಗ ಕೊಯ್ದ ಹಲಗೆ. ಹಳೆಯ ಕಾಲದ ಇಂಗ್ರೇಜರು ಹಲಗೆ ಹಾಕಿಕೊಂಡು ಅದರ ಮೇಲೆ ಉಣ್ಣುತ್ತಿದ್ದರು, ಹಿಂಗಾಗಿ ಊಟಕ್ಕೇ ಬೋರ್ಡು ಅಂದರು. ಅದೇ ಹಲಗೆಯ ಸುತ್ತ ಕೂತು ಊರ ನ್ಯಾಯ ಮಾಡುವ ದೊಡ್ಡವರಿಗೂ ಬೋರ್ಡು ಅಂದರು. ಅವರ ಹಡಗಿನ ಬಾಜೂಕ್ಕೂ, ಅಂದರೆ ಬದಿಗೂ, ಬೋರ್ಡು ಅಂತಲೇ ಹೆಸರು. ಹಡಗು ಹತ್ತಿದವ ಬೋರ್ಡಿನ ಮೇಲೆ ಬಂದ ಅನ್ನುತ್ತಾರೆ.

ಆಯಿ ಕುಟ್ಟಾಣಿ ನಿಲ್ಲಿಸಿ ಕೇಳುತ್ತಿದ್ದಳು. "ಅಂದ್ರ ಮಾಸ್ತರ, ಆ ಸಾಹೇಬ್ರು ಉಂಡಿದ್ದೂ ಹಲಗಿ ಮ್ಯಾಲೆ, ಕುಂತು ಹುಕುಮ್ ಮಾಡಿದ್ದೂ ಹಲಗಿ ಮ್ಯಾಲೆ, ಇಲ್ಲಿತನಕ ಬಂದಿದ್ದೂ ಹಲಗಿ ಮ್ಯಾಲೆ?" ಹೌದು ಅಂದರು ಅವರು. "ಹಂಗಾದ್ರ ಅವರ ರಾಜ್ಯೇನೂ ನಮ್ಮಂಥಾ ಬಡಿಗ್ಯಾನ ಕಟ್ಟಿದ್ದಲ್ಲೇನು!" ಅಂದಳು ಆಯಿ. ಎಲ್ಲರೂ ನಕ್ಕೆವು, ಅಪ್ಪ ಮಾತ್ರ ನಗಲಿಲ್ಲ. ಮುಂದಿಟ್ಟ ಉಳಿಯನ್ನು ಅರಿವೆಯಿಂದ ಒರೆಸಿ, ನೆಟ್ಟಗೆ ಕೂತ. ಅಷ್ಟು ನೆಟ್ಟಗೆ ಅವನು ಕೂತದ್ದನ್ನು ನಾನು ಮತ್ತೆ ನೋಡಲಿಲ್ಲ.

ಅವತ್ತಿನಿಂದ ನನಗೂ ನೀಲವ್ವನಿಗೂ ಒಂದು ಆಟ ಹತ್ತಿತು. ಹೊಸ ಬೋರ್ಡು ಎಲ್ಲಿ ಸಿಕ್ಕರೂ ಇನ್ನೊಬ್ಬರಿಗೆ ಬಂದು ಹೇಳಬೇಕು. ಕೇಳಿದವರು "ಬರಕೊಂಡ್ನಿ" ಅನ್ನಬೇಕು. ಅಂದರೆ ಅದು ಜಮಾ ಆದಂತೆ. ಅಪ್ಪನ ಜೊತೆ ಗೋಕಾಕದ ಮಿಲ್ಲಿಗೆ ಹೋದಾಗ ಅಲ್ಲಿಯ ಮಂದಿ ಬಿಳಿ ಕರಿ ಬಿಲ್ಲೆ ಹೊಡೆದು ಆಡುತ್ತಿದ್ದ ಚೌಕ ಹಲಗೆಗೆ ಕೇರಂ ಬೋರ್ಡು ಅನ್ನುತ್ತಾರೆ ಅಂತ ತಿಳಿದು, ಬಸ್ಸು ಇಳಿದವನೇ ಮನೆಯ ತನಕ ಓಡಿದ್ದೆ. ಅವಳು ಘಟಪ್ರಭಾ ಸ್ಟೇಶನ್ನಿನ ಹಳದಿ ಬೋರ್ಡನ್ನು ತಂದಳು. ಬಸ್ಸಿನ ಹಣೆಯ ಮೇಲಿನ ಊರ ಹೆಸರನ್ನು ಇಬ್ಬರೂ ಒಮ್ಮೆಗೇ ಕೂಗಿ, ಯಾರದು ಅಂತ ಜಡೆ ಹಿಡಿದು ಜಗಳಾಡಿದೆವು. ರಾಜ್ಯ ಒಂದಾದ ವರ್ಷ ಮೂಡಲಗಿಯ ಪೇಟೆಯಲ್ಲಿ ಅಂಗಡಿ ಅಂಗಡಿಗೆ ಹೊಸ ಕನ್ನಡ ಬೋರ್ಡು ಬೇಕಾದವು. ಅಪ್ಪನೂ ನಾನೂ ಹಲಗೆ ಮಾಡಿ ಮಾಡಿ ಸೋತೆವು, ಮಾಸ್ತರರ ಮೇಲುಸ್ತುವಾರಿಯಲ್ಲಿ ಅಕ್ಷರಕ್ಕೆ ಗೆರೆ ಹಾಕಿಕೊಟ್ಟವಳು ನೀಲವ್ವ. ಕಿರಾಣಿ ಅಂತ ಬರೆಯುವಾಗ ದೀರ್ಘ ಬಿಟ್ಟರೆ ಅಂಗಡಿಯವನಿಗಿಂತ ಮೊದಲು ಅವಳೇ ಬೈಯುತ್ತಿದ್ದಳು.

ಸಾಲಿ ಇದ್ದದ್ದು ನಾಲ್ಕನೆಯ ಇಯತ್ತೆಯ ತನಕ. ಅಷ್ಟನ್ನು ಅವಳು ಓದಿ ಮುಗಿಸಿದಳು. ನಾನೂ ಅಷ್ಟಕ್ಕೇ ಬಿಟ್ಟೆ. ಅಪ್ಪನ ಬಲಗೈ ನಡುಗಲು ಹತ್ತಿತ್ತು, ಗರಗಸದ ಇನ್ನೊಂದು ತುದಿಗೆ ಆಳು ಬೇಕಿತ್ತು. ಬಿಟ್ಟದ್ದಕ್ಕೆ ನನಗೆ ಕೊರಗಿಲ್ಲ. ಈ ಸೀಮೆಯಲ್ಲಿ ಕರೆಂಟು ಬಂದಾಗ ಗೋಡೆಗೆ ಬಡಿಯುವ ಸ್ವಿಚ್ಚಿನ ಬೋರ್ಡುಗಳೆಲ್ಲ ಕಟ್ಟಿಗೆಯವೇ. ಎಷ್ಟೋ ಮನೆಗಳ ಮೊದಲ ಬೆಳಕು ಹತ್ತಿದ್ದು ನಾನು ಉಜ್ಜಿದ ಹಲಗೆಯ ಮೇಲೆ. ಮೊದಲನೆಯದನ್ನು ಮಾಡಿದ ದಿನ ನೀಲವ್ವನಿಗೆ ತೋರಿಸಿದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬರಕೊಂಡ್ನಿ," ಅಂದು, "ಆದ್ರ ಇನ್ನೂ ಹಡಗ ಉಳದೈತಿ," ಅಂದಳು. ಸಮುದ್ರ ಕಾಣದ ನಮ್ಮ ಸೀಮೆಯಲ್ಲಿ ಆ ಒಂದು ಬೋರ್ಡು ಮಾತ್ರ ನಮ್ಮ ಕೈಗೆ ಸಿಕ್ಕಿರಲಿಲ್ಲ.

ಅವಳನ್ನು ಕೊಟ್ಟದ್ದು ಹುಕ್ಕೇರಿ ತಾಲೂಕಿಗೆ, ಹಿಡಕಲ್ಲಿನ ಹತ್ತಿರ, ಹೊಳೆಯ ಆಚೆಯ ಊರು. ಅಳಿಯ ಅಲ್ಲಿ ಶುರುವಾಗಿದ್ದ ಅಣೆಕಟ್ಟಿನ ಕೆಲಸದಲ್ಲಿ ಬಡಿಗ. ಅವಳ ಪೆಟ್ಟಿಗೆಯನ್ನು ಮಾವಿನ ಹಲಗೆಯಿಂದ ನಾನೇ ಮಾಡಿದೆ. ಎಣ್ಣೆ ಹಚ್ಚಿ ಮುಖ ಕಾಣುವಂತೆ ತಿಕ್ಕಿದೆ. ಅವಳನ್ನು ಕಳಿಸಲು ಹೊಳೆಯ ದಂಡೆಗೆ ಹೋದವರಲ್ಲಿ ಆಯಿ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಅವ್ವ ಅಳುತ್ತಿದ್ದಳು, ಅಪ್ಪ ಪೆಟ್ಟಿಗೆಯ ಕೊಂಡಿಯನ್ನು ಸುಮ್ಮಸುಮ್ಮನೆ ತೆಗೆದು ಹಾಕುತ್ತಿದ್ದ. ಅಂಬಿಗರ ದೊಡ್ಡ ಕಟ್ಟಿಗೆಯ ದೋಣಿ. ತಲೆಯ ಮೇಲೆ ಸೆರಗು ಹೊದ್ದ ನೀಲವ್ವ ಮದುಮಗನ ಹಿಂದೆ ಅದನ್ನು ಹತ್ತಿ, ಒಂದು ಬದಿಗೆ ಒರಗಿ ಕೂತಳು. ದೋಣಿ ದಂಡೆ ಬಿಟ್ಟಿತು. ನೀರು ತಿಳಿಯಾಗಿತ್ತು, ಗಾಳಿ ನಮ್ಮ ಕಡೆ ಬೀಸುತ್ತಿತ್ತು. ಒಮ್ಮೆಲೇ ಅವಳು ಸೆರಗು ಸರಿಸಿ ಎದ್ದು ನಿಂತಳು. ಬೀಗರು "ಏ ಕೂಡವ್ವಾ, ಕೂಡು!" ಅಂತ ಗಾಬರಿಯಾದರು. ಅವಳು ಬಳೆ ತುಂಬಿದ ಕೈಯಿಂದ ದೋಣಿಯ ಬಾಜೂದ ಹಲಗೆಯನ್ನು ದಬದಬ ಬಡಿದು, "ತಮ್ಮಾ! ಸಿಕ್ತೋ! ಇದೂ ಬೋರ್ಡು!" ಅಂತ ಕೂಗಿದಳು.

ದಂಡೆಯ ಮೇಲಿದ್ದವರಿಗೆ ಏನೂ ತಿಳಿಯಲಿಲ್ಲ. ಹುಡುಗಿಗೆ ಏನೋ ಆಯಿತು ಅಂದರು. ನಾನು ಮೊಣಕಾಲ ತನಕ ನೀರಿಗೆ ಇಳಿದು, ಗಂಟಲು ಹರಿಯುವಂತೆ "ಬರಕೊಂಡ್ನಿ!" ಅಂತ ಕೂಗಿದೆ. ಕೇಳಿಸಿರಬೇಕು. ಆಚೆಯ ದಂಡೆ ಮುಟ್ಟುವ ತನಕ ಅವಳು ಕೈ ಇಳಿಸಲಿಲ್ಲ.

ಆಮೇಲಿನದೆಲ್ಲ ನಿಮಗೆ ಗೊತ್ತಿದ್ದ ಹಾದಿಯೇ. ಆ ದೋಣಿ ಹೋಯಿತು, ಅಂಬಿಗರು ಹೋದರು. ನಮ್ಮ ಮನೆಯ ಜಾಗದಲ್ಲಿ ಬೇವಿನ ಗಿಡವೂ ಉಳಿಯಲಿಲ್ಲ. ಸಾಲಿಗೆ ಗೋಡೆಯ ಮೇಲೆ ಸಿಮೆಂಟಿನ ಕರಿ ಹಲಗೆ ಬಂದಾಗ ಹಳೆಯದನ್ನು ಹೊರಗೆ ಹಾಕಿದ್ದರು. ನಾನು ಚಕ್ಕಡಿ ಕಟ್ಟಿಕೊಂಡು ಹೋಗಿ ತಂದೆ. ಅಪ್ಪ ಹಾಕಿದ ಸಂದು ಇವತ್ತಿಗೂ ಉಗುರಿಗೆ ಸಿಗುವುದಿಲ್ಲ. ಅದೇ ಈಗ ನನ್ನ ಅಂಗಡಿಯ ಬೀಜದ ಹಲಗೆ. ನೀಲವ್ವ ಬಂದಾಗಲೆಲ್ಲ ಮೊದಲು ಅದರ ಮೇಲೆ ಅಂಗೈ ಆಡಿಸಿ, "ಎಣ್ಣಿ ಹಚ್ಚಿಲ್ಲಲ್ಲಾ?" ಅಂತ ಕೇಳಿ, ಆಮೇಲೆ ಚಹಾ ಕುಡಿಯುತ್ತಿದ್ದಳು. ಹೋದ ಮಳೆಗಾಲ ಅವಳೂ ಹೋದಳು.

ಮೊನ್ನೆ ಬಾಳಪ್ಪ ಅತ್ತ ಹೋದ ಮೇಲೆ ನಾನು ಗಲ್ಲಾಪೆಟ್ಟಿಗೆಯಿಂದ ಒಂದು ಖಡು ತೆಗೆದೆ. ಪೇಟೆಯಲ್ಲಿ ಈಗ ಬೆಳಕಿನಲ್ಲೇ ಅಕ್ಷರ ಓಡುವ ಬೋರ್ಡು ಬಂದಿವೆ; ಕಟ್ಟಿಗೆಯ ಚೂರೂ ಇಲ್ಲದ ಬೋರ್ಡು! ಅವಳಿದ್ದಿದ್ದರೆ ಈ ಮಾತಿಗೆ ಎದ್ದು ನಿಲ್ಲುತ್ತಿದ್ದಳು. ಹೇಳಲು ಯಾರಿದ್ದಾರೆ? ಹಲಗೆಯ ಮುಂದೆ ನಿಂತು ಒಂದು ಗೆರೆ ಎಳೆದೆ, ಸೊಟ್ಟಗೆ, ಅವಳು ಮೊದಲ ದಿನ ಎಳೆದಂತೆ. ಬೆಳ್ಳಗೆ ಮೂಡಿತು. ಇನ್ನೂ ಹಿಡಿಯುತ್ತದೆ.